ನೀಲಗಿರಿಯ ಕುಂಡದಲ್ಲಿ ಪೆಪ್ಪರ್‌ಮಿಂಟ್

'ಪೆಪ್ಪರ್‌ಮಿಂಟ್ ಬೀಜ' ಎಂದು ಅಚ್ಚಾದ ಪೊಟ್ಟಣಗಳು ಈಗ ಎಲ್ಲೆಲ್ಲೂ ಸಿಗುತ್ತವೆ. ಬಿತ್ತಿದರೆ ಮೊಳೆಯುತ್ತವೆ, ಗಿಡ ಹುಲುಸಾಗಿ ಬರುತ್ತದೆ, ಎಲೆ ಹಿಸುಕಿದರೆ ಪುದೀನದ ಯಾವುದೋ ಒಂದು ಬಗೆಯ ವಾಸನೆಯೂ ಮೂಗಿಗೆ ಬಡಿಯುತ್ತದೆ. ಆದರೆ ಅದು ಪೆಪ್ಪರ್‌ಮಿಂಟ್ ಅಲ್ಲ. ನಿಜವಾದ ಪೆಪ್ಪರ್‌ಮಿಂಟ್ ಹೂ ಬಿಟ್ಟರೂ ಬೀಜ ಕಟ್ಟುವ ಗಿಡವಲ್ಲ. ಎಲ್ಲೋ ಅಪರೂಪಕ್ಕೆ ಒಂದು ಕಟ್ಟಿದರೂ ಅದರಿಂದ ಹುಟ್ಟುವ ಸಸಿ ತಾಯಿಯನ್ನು ಹೋಲುವುದಿಲ್ಲ. ಆದ್ದರಿಂದ ಪೊಟ್ಟಣದ ಹಣ ಉಳಿಸಿ, ಯಾರ ಮನೆಯಲ್ಲಿ ಒಳ್ಳೆಯ ಗಿಡ ಇದೆಯೋ ಅವರಲ್ಲಿ ಒಂದು ಕುಡಿ ಕೇಳಿ ಪಡೆಯುವುದೇ ಸರಿಯಾದ ದಾರಿ.

ಬೀಜವಿಲ್ಲದಿರುವುದಕ್ಕೆ ಕಾರಣ ಅದರ ಹುಟ್ಟಿನಲ್ಲೇ ಇದೆ. ಪೆಪ್ಪರ್‌ಮಿಂಟ್ ಒಂದು ಅಡ್ಡತಳಿ. ಯುರೋಪಿನ ತೊರೆಯಂಚಿನಲ್ಲಿ ಬೆಳೆಯುವ ನೀರುಪುದೀನ (ಮೆಂಥಾ ಅಕ್ವಾಟಿಕಾ) ಒಂದು ಕಡೆಯ ಹಿರಿಯ. ನಾವು ಚಟ್ನಿಗೆ ಬಳಸುವ ಪುದೀನದ ಜಾತಿಯಾದ ಸ್ಪಿಯರ್‌ಮಿಂಟ್ (ಮೆಂಥಾ ಸ್ಪಿಕಾಟಾ) ಇನ್ನೊಂದು ಕಡೆಯದು. ಮೊದಲನೆಯದರ ಜೀವಕೋಶದಲ್ಲಿ 96 ವರ್ಣತಂತುಗಳು, ಎರಡನೆಯದರಲ್ಲಿ 48. ಎರಡೂ ತಮ್ಮ ಅರ್ಧರ್ಧ ಕೊಟ್ಟು ಹುಟ್ಟಿದ ಮಗುವಿಗೆ 72. ಪರಾಗ, ಅಂಡ ತಯಾರಾಗುವ ಹೊತ್ತಿಗೆ ವರ್ಣತಂತುಗಳು ಜೋಡಿ ಜೋಡಿಯಾಗಿ ಸಾಲುಗಟ್ಟಬೇಕು. ಇಲ್ಲಿ ಜೋಡಿ ಸರಿಹೊಂದುವುದಿಲ್ಲ, ಬೀಜ ಕಟ್ಟುವುದಿಲ್ಲ.

ಇಂಗ್ಲೆಂಡಿನ ಸಸ್ಯವಿಜ್ಞಾನಿ ಜಾನ್ ರೇ ಈ ಗಿಡವನ್ನು 1696ರಲ್ಲಿ ತನ್ನ ಪುಸ್ತಕದಲ್ಲಿ ದಾಖಲಿಸಿದ. ಲಿನೇಯಸ್ 1753ರಲ್ಲಿ ಅದಕ್ಕೆ 'ಮೆಂಥಾ ಪೈಪರಿಟಾ' ಎಂದು ಹೆಸರಿಟ್ಟ. ಅಡ್ಡತಳಿ ಎಂಬುದು ಅವನಿಗೆ ಗೊತ್ತಿರಲಿಲ್ಲವಾದ್ದರಿಂದ ಸ್ವತಂತ್ರ ಜಾತಿ ಎಂದೇ ಬಗೆದಿದ್ದ. ಹದಿನೆಂಟನೆಯ ಶತಮಾನದ ನಡುವಿನಿಂದ ಲಂಡನ್ನಿನ ಪಕ್ಕದ ಮಿಚಮ್ ಎಂಬ ಊರು ಇದರ ಬೇಸಾಯಕ್ಕೆ ಹೆಸರಾಯಿತು. ಇವತ್ತಿಗೂ ಒಳ್ಳೆಯ ತಳಿಗಳ ಹೆಸರಿನಲ್ಲಿ 'ಮಿಚಮ್' ಉಳಿದುಕೊಂಡಿದೆ. ಇಷ್ಟು ಕಾಲವೂ ಈ ಗಿಡ ಮುಂದುವರಿದದ್ದು ತುಂಡಿನಿಂದ ತುಂಡಿಗೆ. ಕುಂಡದಲ್ಲಿರುವ ಗಿಡ ಯಾವುದೋ ಗಿಡದ ಕುಡಿ, ಅದು ಇನ್ನೊಂದರ ಕುಡಿ, ಹೀಗೆ ಹಿಂದೆ ಹಿಂದೆ ಹೋದರೆ ಕೈಗೆ ಸಿಗುವುದು ಕೆಲವೇ ಕೆಲವು ಮೂಲ ಗಿಡಗಳು. ಇದರಲ್ಲಿ ಒಂದು ಅಪಾಯವೂ ಉಂಟು. ಎಲ್ಲ ಗಿಡವೂ ಒಂದೇ ಆದಾಗ ಒಂದು ರೋಗ ಎಲ್ಲವನ್ನೂ ಹಿಡಿಯಬಲ್ಲದು. ಅಮೆರಿಕದ ಹೊಲಗಳಲ್ಲಿ ವರ್ಟಿಸಿಲಿಯಮ್ ಎಂಬ ಶಿಲೀಂಧ್ರದ ಸೊರಗು ರೋಗ ಬಂದಾಗ, ತಳಿ ಸಂಕರ ಮಾಡಿ ನಿರೋಧಕ ಗಿಡ ಹುಟ್ಟಿಸುವ ದಾರಿ ಮುಚ್ಚಿತ್ತು. ಬೇರುಕಾಂಡಗಳಿಗೆ ವಿಕಿರಣ ಹಾಯಿಸಿ, ಬದಲಾದವುಗಳನ್ನು ಹೆಕ್ಕಿ ಹೆಕ್ಕಿ, ಕೊನೆಗೆ 'ಟಾಡ್ಸ್ ಮಿಚಮ್' ಎಂಬ ತಳಿಯನ್ನು 1971ರಲ್ಲಿ ಹೊರತಂದರು.

ಕೇಳಿ ಪಡೆದ ಕುಡಿ ನಿಜವಾಗಿ ಪೆಪ್ಪರ್‌ಮಿಂಟೇ ಎಂದು ತಿಳಿಯುವುದು ಕಷ್ಟವಲ್ಲ. ಮಾರುಕಟ್ಟೆಯ ಪುದೀನ ಕಟ್ಟೊಂದನ್ನು ಪಕ್ಕದಲ್ಲಿಟ್ಟುಕೊಳ್ಳಿ. ಪುದೀನದ ಎಲೆ ಕಾಂಡಕ್ಕೆ ಅಂಟಿಕೊಂಡಂತೆ ಕೂತಿರುತ್ತದೆ, ತೊಟ್ಟು ಇದ್ದೂ ಇಲ್ಲದಂತೆ. ಪೆಪ್ಪರ್‌ಮಿಂಟಿನ ಎಲೆಗೆ ಸ್ಪಷ್ಟವಾದ ತೊಟ್ಟಿದೆ. ಕಾಂಡ ಎರಡರಲ್ಲೂ ಚೌಕವೇ. ತುಳಸಿ, ತುಂಬೆ, ದೊಡ್ಡಪತ್ರೆಗಳ ಕುಟುಂಬದ ಗುರುತು ಅದು. ಆದರೆ ಪೆಪ್ಪರ್‌ಮಿಂಟಿನ ಕಾಂಡಕ್ಕೆ ಸಾಮಾನ್ಯವಾಗಿ ನೇರಳೆ ಛಾಯೆ ಇರುತ್ತದೆ, ಎಲೆಯ ನರಗಳಿಗೂ ಕೆಲವೊಮ್ಮೆ ಇಳಿದಿರುತ್ತದೆ. ಇಷ್ಟರಿಂದ ತೀರ್ಮಾನಕ್ಕೆ ಬರಲಾಗದಿದ್ದರೆ ಒಂದು ಎಲೆ ಜಗಿದು, ಬಾಯಿ ತೆರೆದು ಉಸಿರು ಒಳಗೆಳೆಯಿರಿ. ಪುದೀನದಲ್ಲಿ ಘಮ ಉಂಟು, ತಂಪು ಹೆಚ್ಚಿಲ್ಲ. ಪೆಪ್ಪರ್‌ಮಿಂಟಿನಲ್ಲಿ ಮೊದಲು ಖಾರದಂಥ ಚುರುಕು, ಹಿಂದೆಯೇ ನಾಲಿಗೆಯಿಂದ ಗಂಟಲವರೆಗೆ ತಂಪು ಹರಿಯುತ್ತದೆ.

ಈ ವ್ಯತ್ಯಾಸದ ಬೇರು ಹುಡುಕುತ್ತಾ ಹೋದವರಿಗೆ ಸಿಕ್ಕಿದ್ದು ಬಲು ಸಣ್ಣ ಸಂಗತಿ. ಎರಡೂ ಗಿಡಗಳು ಲಿಮೊನೀನ್ ಎಂಬ ಒಂದೇ ಕಚ್ಚಾವಸ್ತುವಿನಿಂದ ಕೆಲಸ ಆರಂಭಿಸುತ್ತವೆ. ಕಿತ್ತಳೆ ಸಿಪ್ಪೆ ಹಿಂಡಿದಾಗ ಸಿಡಿಯುವ ಎಣ್ಣೆಯಲ್ಲಿರುವುದೂ ಮುಖ್ಯವಾಗಿ ಲಿಮೊನೀನೇ. ಆ ಅಣುವಿನ ಉಂಗುರಕ್ಕೆ ಒಂದು ಆಮ್ಲಜನಕವನ್ನು ಸೇರಿಸುವ ಕಿಣ್ವವೊಂದು ಎರಡೂ ಗಿಡಗಳಲ್ಲಿದೆ. ಪುದೀನದ ಕಿಣ್ವ ಅದನ್ನು ಆರನೆಯ ಇಂಗಾಲಕ್ಕೆ ಸೇರಿಸುತ್ತದೆ, ಮುಂದಿನ ಹೆಜ್ಜೆಗಳಲ್ಲಿ ಕಾರ್ವೋನ್ ಹುಟ್ಟುತ್ತದೆ. ಪೆಪ್ಪರ್‌ಮಿಂಟಿನದು ಮೂರನೆಯ ಇಂಗಾಲಕ್ಕೆ ಸೇರಿಸುತ್ತದೆ. ಅಲ್ಲಿಂದ ಪ್ಯುಲಿಗೋನ್, ಮೆಂಥೋನ್ ಎಂಬ ಮೆಟ್ಟಿಲುಗಳನ್ನು ಹತ್ತಿ ಕೊನೆಗೆ ಮೆಂಥಾಲ್. ಈ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಬಿಡಿಸಿದ್ದು ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ರಾಡ್ನಿ ಕ್ರೋಟೊ ಮತ್ತು ಸಂಗಡಿಗರು. ಪುದೀನದ ಕಿಣ್ವದಲ್ಲಿ ಒಂದೇ ಒಂದು ಅಮೈನೋ ಆಮ್ಲವನ್ನು ಬದಲಿಸಿದರೆ ಅದು ಪೆಪ್ಪರ್‌ಮಿಂಟಿನ ಕಿಣ್ವದಂತೆ ಕೆಲಸ ಮಾಡುತ್ತದೆ ಎಂಬುದನ್ನೂ ಅವರ ಪ್ರಯೋಗಾಲಯವೇ 2000ದಲ್ಲಿ ತೋರಿಸಿತು. ಚಟ್ನಿಗೂ ಕೆಮ್ಮಿನ ಗುಳಿಗೆಗೂ ಇರುವ ಅಂತರ ಅಷ್ಟೇ!

ಕಾರ್ವೋನ್ ಬಗ್ಗೆ ಇನ್ನೊಂದು ಸ್ವಾರಸ್ಯ ಇದೆ, ದಾರಿ ತಪ್ಪಿದರೂ ಹೇಳಿಬಿಡುತ್ತೇನೆ. ಸಬ್ಬಸಿಗೆ ಬೀಜದ ವಾಸನೆಗೂ ಕಾರ್ವೋನೇ ಕಾರಣ. ಎರಡರಲ್ಲೂ ಅದೇ ಪರಮಾಣುಗಳು, ಅದೇ ಜೋಡಣೆ. ಒಂದು ಇನ್ನೊಂದರ ಕನ್ನಡಿ ಪ್ರತಿಬಿಂಬ. ಪ್ರಯೋಗಾಲಯದ ಬಹಳಷ್ಟು ಪರೀಕ್ಷೆಗಳಿಗೆ ಎರಡೂ ಒಂದೇ, ಅಡುಗೆಮನೆಯ ಮೂಗಿಗೆ ಮಾತ್ರ ಬೇರೆ ಬೇರೆ.

ಮೆಂಥಾಲ್ ಎಲ್ಲಿ ಕೂತಿದೆ ಎಂದು ನೋಡಲು ಹತ್ತು ಪಟ್ಟು ದೊಡ್ಡದಾಗಿಸುವ ಕೈಮಸೂರ ಸಾಕು. ಎಲೆಯನ್ನು ಮಗುಚಿ, ಬೆಳಕಿಗೆ ಓರೆಯಾಗಿ ಹಿಡಿಯಿರಿ. ನರಗಳ ನಡುವೆ ಹಳದಿ ಮಿಶ್ರಿತ ಚುಕ್ಕೆಗಳು ಮಿನುಗುತ್ತವೆ. ಒಂದೊಂದು ಚುಕ್ಕೆಯೂ ಒಂದು ಗ್ರಂಥಿ. ತಳದಲ್ಲಿ ವೃತ್ತಾಕಾರವಾಗಿ ಜೋಡಿಸಿದ ಎಂಟು ಜೀವಕೋಶಗಳಿವೆ. ಅವು ಸ್ರವಿಸಿದ ಎಣ್ಣೆ ಮೇಲಿನ ತೆಳುಪೊರೆಯನ್ನು ಉಬ್ಬಿಸಿ ಅದರಡಿಯಲ್ಲಿ ತುಂಬಿಕೊಳ್ಳುತ್ತದೆ. ಬೆರಳು ತಾಗಿದರೆ ಪೊರೆ ಒಡೆಯುತ್ತದೆ, ಘಮ ಹೊರಡುತ್ತದೆ. ಎಲೆ ಹುಟ್ಟಿದ ಸುಮಾರು ಮೂರು ವಾರದೊಳಗೆ ಎಣ್ಣೆ ತುಂಬುವ ಕೆಲಸ ಬಹುಪಾಲು ಮುಗಿದಿರುತ್ತದೆ. ಆಮೇಲೆ ನಡೆಯುವುದು ಮಾಗುವಿಕೆ. ಎಳೆಯ ಎಲೆಯಲ್ಲಿ ಹೆಚ್ಚಾಗಿರುವ ಮೆಂಥೋನ್ ಎಲೆ ಬಲಿತಂತೆ ಮೆಂಥಾಲ್ ಆಗುತ್ತದೆ. ಪುದೀನವನ್ನು ಎಳೆಯದಾಗಿ ಕೀಳುವ ನಮ್ಮ ರೂಢಿ ಇಲ್ಲಿ ನಡೆಯದು. ತಂಪು ಬೇಕಿದ್ದರೆ ಬಲಿತ ಎಲೆಯನ್ನೇ ಕೀಳಬೇಕು.

ಈಗ ನೀಲಗಿರಿ ಬೆಟ್ಟಕ್ಕೆ ಬರೋಣ. ಗುಂಡ್ಲುಪೇಟೆಯಿಂದ ಬಂಡೀಪುರ, ಮುದುಮಲೆಯ ಕಾಡು ದಾಟಿ ತೆಪ್ಪಕಾಡಿನಲ್ಲಿ ಎಡಕ್ಕೆ ತಿರುಗಿದರೆ ಮಸಿನಗುಡಿ. ಸಮುದ್ರಮಟ್ಟದಿಂದ ಹತ್ತಿರ ಹತ್ತಿರ ಸಾವಿರ ಮೀಟರ್ ಎತ್ತರ, ಬೆಟ್ಟದ ಮಳೆನೆರಳಿನಲ್ಲಿ ಕೂತ ಒಣ ಊರು. ಅಲ್ಲಿಂದ ಕಲ್ಲಟ್ಟಿ ಘಾಟಿಯ 36 ತಿರುವುಗಳನ್ನು ಹತ್ತಿದರೆ 2,240 ಮೀಟರ್ ಎತ್ತರದ ಊಟಿ. ಇಷ್ಟು ಏರಿದರೆ ಗಾಳಿಯ ಉಷ್ಣತೆ ಸುಮಾರು 8 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಪಡುವಣ ಇಳಿಜಾರಿನ ಗೂಡಲೂರು ಎತ್ತರದಲ್ಲಿ ಮಸಿನಗುಡಿಗೆ ಸಮ, ಮಳೆಯಲ್ಲಿ ಅದಕ್ಕೆ ತದ್ವಿರುದ್ಧ. ನೈಋತ್ಯ ಮುಂಗಾರು ನೇರವಾಗಿ ಬಂದು ಹೊಡೆಯುವುದು ಅಲ್ಲಿಗೇ. ಒಂದೇ ಜಿಲ್ಲೆಯೊಳಗೆ ಮೂರು ಹವೆ. ಒಂದೇ ಗಿಡದ ಮೂರು ಕುಡಿಗಳನ್ನು ಈ ಮೂರು ಊರಿನಲ್ಲಿ ನೆಟ್ಟರೆ ವಂಶವಾಹಿಗಳಲ್ಲಿ ಎಳ್ಳಷ್ಟೂ ಭೇದವಿರದ ಗಿಡಗಳು ಮೂರು ಬಗೆಯ ಎಣ್ಣೆ ತಯಾರಿಸುತ್ತವೆ.

ಕಾರಣ ಬೆಳಕು ಮತ್ತು ರಾತ್ರಿಯ ಚಳಿ. ಪೆಪ್ಪರ್‌ಮಿಂಟ್ ದೀರ್ಘ ಹಗಲಿನ ಗಿಡ. ಮಿಚಮ್‌ನಲ್ಲಿ ಜೂನ್ ತಿಂಗಳ ಹಗಲು 16 ಗಂಟೆ ದಾಟುತ್ತದೆ. ಹನ್ನೊಂದೂವರೆ ಡಿಗ್ರಿ ಅಕ್ಷಾಂಶದ ಊಟಿಯಲ್ಲಿ ವರ್ಷದ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ. ಹಗಲು ಚಿಕ್ಕದಾದರೆ ಗಿಡ ಹೂ ಬಿಡಲು ಹಿಂಜರಿಯುತ್ತದೆ, ನೆಟ್ಟಗೆ ಏಳುವ ಬದಲು ನೆಲದ ಮೇಲೆ, ನೆಲದ ಅಡಿಯಲ್ಲಿ ಹಬ್ಬುತ್ತದೆ. ಎಣ್ಣೆಯ ಗುಣವೂ ಕೆಡುವ ಸಂಭವವಿದೆ: ಮೆಂಥಾಲ್ ಕಡೆಗೆ ಹೋಗಬೇಕಾದ ಪ್ಯುಲಿಗೋನ್ ಅಡ್ಡದಾರಿ ಹಿಡಿದು ಮೆಂಥೊಫ್ಯುರಾನ್ ಎಂಬ ಕಳಪೆ ವಾಸನೆಯ ವಸ್ತುವಾಗುತ್ತದೆ.

ಆದರೆ ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ಆರೆಗನ್‌ನ ಬರ್ಬಟ್ ಮತ್ತು ಲೂಮಿಸ್ ಎಂಬ ಸಂಶೋಧಕರು 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಹಗಲಿನ ಉದ್ದ, ಬೆಳಕಿನ ಪ್ರಖರತೆ, ರಾತ್ರಿಯ ಉಷ್ಣತೆ ಮೂರನ್ನೂ ಬದಲಿಸಿ ನೋಡಿದರು. ಬೆಚ್ಚನೆಯ ರಾತ್ರಿಯಲ್ಲಿ ಮೆಂಥೊಫ್ಯುರಾನ್, ಪ್ಯುಲಿಗೋನ್ ಹೆಚ್ಚಿದವು. ತಂಪು ರಾತ್ರಿಯಲ್ಲಿ ಮೆಂಥೋನ್ ಹೆಚ್ಚಿತು. ಅವರು ಕೊಟ್ಟ ವಿವರಣೆ ಮನೆಯ ಜಮಾಖರ್ಚಿನಂಥದು. ಗಿಡ ಹಗಲಿನಲ್ಲಿ ಸಕ್ಕರೆ ಗಳಿಸುತ್ತದೆ, ರಾತ್ರಿ ಉಸಿರಾಡುತ್ತಾ ಅದನ್ನು ಖರ್ಚು ಮಾಡುತ್ತದೆ. ರಾತ್ರಿ ಸೆಕೆಯಾದಷ್ಟೂ ಖರ್ಚು ಜಾಸ್ತಿ. ಉಳಿತಾಯವಿದ್ದರೆ ಎಣ್ಣೆ ಒಳ್ಳೆಯ ದಾರಿಯಲ್ಲಿ ಮಾಗುತ್ತದೆ. ಊಟಿಯ ಗಿಡಕ್ಕೆ ಗಳಿಕೆ ಸಾಧಾರಣ, ಖರ್ಚು ಬಹಳ ಕಡಿಮೆ. ಮಸಿನಗುಡಿಯ ಗಿಡಕ್ಕೆ ಗಳಿಕೆ ಅಷ್ಟೇ, ರಾತ್ರಿಯ ಖರ್ಚು ವಿಪರೀತ. ಇಂಗ್ಲೆಂಡಿನ ಹಗಲನ್ನು ನೀಲಗಿರಿ ಕೊಡಲಾರದು. ಇಂಗ್ಲೆಂಡಿನ ರಾತ್ರಿಯನ್ನು ಮಾತ್ರ ಧಾರಾಳವಾಗಿ ಕೊಡುತ್ತದೆ. ಈ ಬೆಟ್ಟದ ಪೆಪ್ಪರ್‌ಮಿಂಟಿಗೆ ಸಂಬಂಧಿಸಿದ ಎಲ್ಲ ಮಾತೂ ಈ ಅರ್ಧ ಲಾಭದ ಸುತ್ತಲೇ ತಿರುಗುತ್ತದೆ.

ಕೊಯಮತ್ತೂರಿನ ಕಲೆಕ್ಟರ್ ಆಗಿದ್ದ ಜಾನ್ ಸುಲ್ಲಿವನ್ 1819ರಲ್ಲಿ ಬೆಟ್ಟ ಹತ್ತಿದಾಗಿನಿಂದ ಇಲ್ಲಿ ಹೊರಗಿನ ಗಿಡಗಳ ಪರೀಕ್ಷೆ ನಡೆದೇ ಇದೆ. 1848ರಲ್ಲಿ ಲಂಡನ್ನಿನ ಕ್ಯೂ ಉದ್ಯಾನದಿಂದ ಬಂದ ವಿಲಿಯಂ ಮೆಕೈವರ್ ಊಟಿಯ ಸಸ್ಯೋದ್ಯಾನಕ್ಕೆ ರೂಪ ಕೊಟ್ಟ. ಮುಂದೆ ದೊಡ್ಡಬೆಟ್ಟ, ನಡುವಟ್ಟಂಗಳಲ್ಲಿ ಸಿಂಕೋನಾ ಬೆಳೆಸಿದವನೂ ಅವನೇ. ಆಲೂಗಡ್ಡೆ, ಕ್ಯಾರೆಟ್, ಎಲೆಕೋಸು ಬಡಗರ ಹಟ್ಟಿಗಳ ಸುತ್ತಲಿನ ಹೊಲಕ್ಕೆ ಇಳಿದವು, ಮೆಟ್ಟುಪಾಳ್ಯಂ ಮಂಡಿಗೆ ಲಾರಿಯೇರಿದವು. ಪೆಪ್ಪರ್‌ಮಿಂಟ್ ಅಂಥ ಬೆಳೆಯಾಗಲಿಲ್ಲ. ಅದು ಮನೆಯ ಹಿತ್ತಲಿಗೆ, ಕುಂಡಕ್ಕೆ ಹೊಂದುವ ಗಿಡ. ಅಲ್ಲಿ ಅದನ್ನು ಚೆನ್ನಾಗಿ ಬೆಳೆಸುವುದು ಹೇಗೆಂದು ನೋಡೋಣ.

ಮೊದಲ ತೊಡಕು ಮಣ್ಣಿನದು. ಚಹಾ ಗಿಡ ಬಯಸುವುದು ಹುಳಿ ಮಣ್ಣನ್ನು. ನೀಲಗಿರಿಯಲ್ಲಿ ಚಹಾ ಅಷ್ಟು ಸೊಗಸಾಗಿ ಬರುವುದಕ್ಕೆ ಇಲ್ಲಿನ ಮಣ್ಣಿನ ಪಿಎಚ್ 5ರ ಆಸುಪಾಸಿನಲ್ಲಿರುವುದೂ ಒಂದು ಕಾರಣ. ಪೆಪ್ಪರ್‌ಮಿಂಟಿಗೆ 6ರಿಂದ 7.5 ಬೇಕು. ಚಹಾ ತೋಟದ ಬದುವಿನ ಮಣ್ಣನ್ನು ಹಾಗೇ ತಂದು ಕುಂಡಕ್ಕೆ ತುಂಬಿದರೆ ಗಿಡ ಸಾಯುವುದಿಲ್ಲ, ಏಳುವುದೂ ಇಲ್ಲ. ಹತ್ತು ಲೀಟರ್ ಹಿಡಿಯುವ ಕುಂಡಕ್ಕೆ ಒಂದು ದೊಡ್ಡ ಚಮಚ ಡಾಲಮೈಟ್ ಪುಡಿ ಬೆರೆಸಿ, ಮೂರರಲ್ಲೊಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರವನ್ನೋ ಎರೆಗೊಬ್ಬರವನ್ನೋ ಸೇರಿಸಿ ಎರಡು ವಾರ ಬಿಡಿ. ಕುಂಡ ಆಳಕ್ಕಿಂತ ಅಗಲವಾಗಿರಲಿ. ಈ ಗಿಡದ ಹಬ್ಬುಕಾಂಡಗಳು ಮಣ್ಣಿನ ಮೇಲಿನ ಒಂದು ಗೇಣಿನಲ್ಲೇ ಓಡಾಡುತ್ತವೆ.

ನೆಡುವುದಕ್ಕೆ ಮೂರು ನಾಲ್ಕು ಗಿಣ್ಣಿರುವ ಕುಡಿ ಸಾಕು. ಕೆಳಗಿನ ಎರಡು ಗಿಣ್ಣಿನ ಎಲೆ ತೆಗೆದು ನೀರಿನ ಲೋಟದಲ್ಲಿಟ್ಟರೆ ಒಂದೆರಡು ವಾರದಲ್ಲಿ ಬಿಳಿ ಬೇರು ಕಾಣುತ್ತದೆ. ಊಟಿಯ ಚಳಿಗಾಲದಲ್ಲಿ ತುಸು ತಡ. ಬೆಳಗಿನ ಬಿಸಿಲು ಬೀಳುವ, ಮಧ್ಯಾಹ್ನದ ಮೇಲೆ ನೆರಳಾಗುವ ಜಾಗ ಮಸಿನಗುಡಿಗೆ ಸರಿ. ಊಟಿಯಲ್ಲಿ ಸಿಗುವಷ್ಟು ಬಿಸಿಲನ್ನೂ ಕೊಡಿ, ಮೇಲೆ ಹೇಳಿದ ಲೆಕ್ಕದಲ್ಲಿ ಗಳಿಕೆ ಹೆಚ್ಚಬೇಕಲ್ಲ! ಮಣ್ಣು ಒಣಗಬಾರದು, ನೀರು ನಿಲ್ಲಲೂಬಾರದು. ವರ್ಷಕ್ಕೊಮ್ಮೆ ಕುಂಡ ಬರಿದು ಮಾಡಿ, ಗಟ್ಟಿಮುಟ್ಟಾದ ಹಬ್ಬುಕಾಂಡಗಳನ್ನಷ್ಟೇ ಆರಿಸಿ ಹೊಸ ಮಣ್ಣಿನಲ್ಲಿ ನೆಡಬೇಕು. ಇದನ್ನು ಮಾಡದವರ ಕುಂಡದಲ್ಲಿ ಗಿಡವೆಲ್ಲ ಅಂಚಿಗೆ ಸರಿದು ನಡುವೆ ಬೋಳಾಗಿರುತ್ತದೆ.

ಡಿಸೆಂಬರ್, ಜನವರಿಯ ಮೋಡವಿಲ್ಲದ ರಾತ್ರಿಗಳಲ್ಲಿ ಊಟಿಯ ಸುತ್ತ ಇಬ್ಬನಿ ಹೆಪ್ಪುಗಟ್ಟುತ್ತದೆ. ಸಸ್ಯೋದ್ಯಾನದ ಹುಲ್ಲುಹಾಸು, ಕಾಂದಲ್, ತಲೈಕುಂದಾಗಳ ಬಯಲು ಬೆಳಗಾಗುವಾಗ ಬೆಳ್ಳಗಿರುತ್ತವೆ. ತಣ್ಣನೆಯ ಗಾಳಿ ಭಾರ; ಇಳಿಜಾರಿನ ಮೇಲಿಂದ ಜಾರಿ ತಗ್ಗಿನಲ್ಲಿ ಮಡುಗಟ್ಟುತ್ತದೆ. ಆದ್ದರಿಂದ ಒಂದೇ ಬೀದಿಯ ಕೆಳಗಿನ ಮನೆಯ ಗಿಡ ಸುಟ್ಟಂತಾಗಿ ಮೇಲಿನ ಮನೆಯದು ಹಸಿರಾಗಿರುವುದುಂಟು. ಕುಂಡವನ್ನು ಸೂರಿನಡಿಗೆ ಎಳೆದುಕೊಂಡರೆ ಸಾಕು, ಏಕೆಂದರೆ ನೆಲದ ಶಾಖ ಬರಿಯ ಆಕಾಶಕ್ಕೆ ಹೋಗುವುದನ್ನು ಸೂರು ತಡೆಯುತ್ತದೆ. ಎಲೆಯೆಲ್ಲ ಕಪ್ಪಾದರೂ ಗಾಬರಿ ಬೇಡ. ಮಣ್ಣಿನೊಳಗಿನ ಕಾಂಡ ಬದುಕಿರುತ್ತದೆ, ಮಾರ್ಚ್ ಹೊತ್ತಿಗೆ ಚಿಗುರುತ್ತದೆ.

ಗೂಡಲೂರಿನವರಿಗೆ ಬೇರೆ ಕಾಟ. ಜೂನ್‌ನಿಂದ ತಿಂಗಳುಗಟ್ಟಲೆ ಎಲೆ ಒದ್ದೆಯಾಗಿರುವ ಊರಿನಲ್ಲಿ ತುಕ್ಕು ರೋಗ ಬರುವುದು ಸಹಜ. ಎಲೆಯ ಅಡಿಯಲ್ಲಿ ದಾಲ್ಚಿನ್ನಿ ಬಣ್ಣದ ಪುಟ್ಟ ಗುಳ್ಳೆಗಳು, ಮುಟ್ಟಿದರೆ ಬೆರಳಿಗೆ ಪುಡಿ. ಪಕ್ಸೀನಿಯಾ ಮೆಂಥೇ ಎಂಬ ಈ ಶಿಲೀಂಧ್ರ ತನ್ನ ಇಡೀ ಬದುಕನ್ನು ಪುದೀನ ಕುಲದ ಗಿಡಗಳ ಮೇಲೆಯೇ ಕಳೆಯಬಲ್ಲದು. ಗೋಧಿಯ ತುಕ್ಕಿನಂತೆ ಇದಕ್ಕೆ ಎರಡನೆಯ ಜಾತಿಯ ಆಸರೆ ಬೇಕಿಲ್ಲ. ತಿನ್ನುವ ಎಲೆಗೆ ಔಷಧಿ ಸಿಂಪಡಿಸುವುದಕ್ಕಿಂತ, ರೋಗ ಹಿಡಿದ ಗಿಡವನ್ನು ಬುಡಕ್ಕೆ ಕತ್ತರಿಸಿ ಸುಟ್ಟು, ಹಬ್ಬುಕಾಂಡಗಳನ್ನು ತೊಳೆದು, 44 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಹತ್ತು ನಿಮಿಷ ಅದ್ದಿ, ತಣ್ಣೀರಿನಲ್ಲಿ ಜಾಲಿಸಿ, ಬೇರೆ ಮಣ್ಣಿನಲ್ಲಿ ನೆಡುವುದು ಹಳೆಯ, ನಂಬಬಹುದಾದ ಉಪಾಯ. ಥರ್ಮಾಮೀಟರ್ ಇಟ್ಟುಕೊಂಡೇ ಮಾಡಿ. ನಾಲ್ಕೈದು ಡಿಗ್ರಿ ಏರಿದರೆ ಶಿಲೀಂಧ್ರದ ಜೊತೆ ಗಿಡವೂ ಹೋಗುತ್ತದೆ.

ಮಸಿನಗುಡಿಯವರಿಗೆ ನನ್ನ ಸಲಹೆ ನೇರವಾದದ್ದು: ಚಟ್ನಿಯ ಪುದೀನ ಬೆಳೆಯಿರಿ. ಅದು ನಿಮ್ಮ ಸೆಕೆಗೆ ಜಗ್ಗುವುದಿಲ್ಲ. ಪೆಪ್ಪರ್‌ಮಿಂಟ್ ಬೇಕೇಬೇಕೆಂದರೆ ನವೆಂಬರ್‌ನಿಂದ ಫೆಬ್ರವರಿಯ ತಂಪಿನಲ್ಲಿ ಎಲೆ ಕೊಯ್ದು ಒಣಗಿಸಿಕೊಳ್ಳಿ.

ಇನ್ನು ತಂಪಿನ ವಿಷಯ. ಮೆಂಥಾಲ್ ಏನನ್ನೂ ತಣ್ಣಗಾಗಿಸುವುದಿಲ್ಲ. ಪೆಪ್ಪರ್‌ಮಿಂಟ್ ಹಾಕಿದ ಬಿಸಿನೀರಿಗೆ ಥರ್ಮಾಮೀಟರ್ ಅದ್ದಿದರೆ ಹಾಕದ ನೀರಿನಷ್ಟೇ ತೋರಿಸುತ್ತದೆ. ಚರ್ಮ, ನಾಲಿಗೆ, ಮೂಗಿನೊಳಗಿನ ನರತುದಿಗಳಲ್ಲಿ ಚಳಿಯನ್ನು ಗುರುತಿಸುವ ಪ್ರೋಟೀನ್ ಒಂದಿದೆ, ಹೆಸರು ಟಿಆರ್‌ಪಿಎಂ8. ಉಷ್ಣತೆ ಸುಮಾರು 26 ಡಿಗ್ರಿಗಿಂತ ಕೆಳಗಿಳಿದಾಗ ಇದು ತೆರೆದುಕೊಂಡು ಅಯಾನುಗಳನ್ನು ಒಳಗೆ ಬಿಡುತ್ತದೆ, ನರ ಮಿದುಳಿಗೆ ಚಳಿ ಎಂದು ಸುದ್ದಿ ಕಳಿಸುತ್ತದೆ. ಮೆಂಥಾಲ್ ಇದಕ್ಕೆ ಅಂಟಿಕೊಂಡರೆ ಬೆಚ್ಚಗಿರುವಾಗಲೂ ಅದು ತೆರೆಯುತ್ತದೆ. ಮಿದುಳಿಗೆ ತಲುಪುವುದು ಅದೇ ಸುದ್ದಿ. 2002ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರ ತಂಡಗಳು ಬೇರೆ ಬೇರೆಯಾಗಿ ಇದನ್ನು ಪತ್ತೆಹಚ್ಚಿದವು. ಅದಕ್ಕೆ ಐದು ವರ್ಷ ಮೊದಲು ಮೆಣಸಿನಕಾಯಿಯ ಖಾರ ಬಿಸಿಯಂತೆ ಏಕೆ ಸುಡುತ್ತದೆ ಎಂಬುದನ್ನೂ ಜೂಲಿಯಸ್ ಬಿಡಿಸಿದ್ದರು. ಉಷ್ಣ ಮತ್ತು ಸ್ಪರ್ಶದ ಗ್ರಾಹಕಗಳ ಶೋಧಕ್ಕಾಗಿ ಇಬ್ಬರಿಗೂ 2021ರ ನೊಬೆಲ್ ಸಂದಿತು. ಬ್ಯಾಡಗಿ ಮೆಣಸಿನಕಾಯಿಯೂ ಪೆಪ್ಪರ್‌ಮಿಂಟೂ ಬೇರೆ ಬೇರೆ ಬಾಗಿಲಿನಿಂದ ನಮ್ಮ ನರಗಳಿಗೆ ಸುಳ್ಳು ಹೇಳುತ್ತವೆ. ನಮ್ಮ ಮೇಲೆ ಗಿಡಕ್ಕೆ ದ್ವೇಷವೇನಿಲ್ಲ. ಎಲೆ ತಿನ್ನಬರುವ ಕೀಟ, ಶಿಲೀಂಧ್ರಗಳನ್ನು ದೂರವಿಡಲು ಅದು ಎಣ್ಣೆ ಮಾಡಿಕೊಂಡಿದೆ.

ಮೂಗು ಕಟ್ಟಿದಾಗ ಮೆಂಥಾಲ್ ಮೂಸಿದರೆ ಉಸಿರಾಟ ಸರಾಗವಾದಂತೆ ಅನ್ನಿಸುವುದೂ ಇದರಿಂದಲೇ. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ರೊನಾಲ್ಡ್ ಎಕಲ್ಸ್ ಅವರು ಮೂಗಿನೊಳಗೆ ಗಾಳಿ ಹರಿಯುವ ತಡೆಯನ್ನು ಅಳೆದು ನೋಡಿದರು. ಮೆಂಥಾಲ್‌ಗೆ ಮುಂಚೆ ಎಷ್ಟಿತ್ತೋ ಆಮೇಲೂ ಅಷ್ಟೇ ಇತ್ತು. ಕಟ್ಟಿದ ಮೂಗು ಕಟ್ಟಿಯೇ ಇರುತ್ತದೆ, ಒಳಗೆ ತಂಪು ಗಾಳಿ ಹೋಗುತ್ತಿದೆ ಎಂದು ಮಿದುಳು ನಂಬುತ್ತದೆ. ನಂಬಿಕೆಯಿಂದ ನಿದ್ದೆ ಬಂದರೆ ಅದೇನೂ ಕಡಿಮೆ ಉಪಕಾರವಲ್ಲ.

ಮನೆಯ ಬಳಕೆಗೆ ಬಂದರೆ, ಚಟ್ನಿಗೂ ಪಲಾವಿಗೂ ಪೆಪ್ಪರ್‌ಮಿಂಟ್ ಹಾಕಬೇಡಿ. ಅನ್ನ ಟೂತ್‌ಪೇಸ್ಟಿನ ರುಚಿಯಾಗುತ್ತದೆ. ಅದರ ಜಾಗ ಕಷಾಯ, ಚಹಾ, ಮಜ್ಜಿಗೆಗೆ ಒಂದೇ ಒಂದು ಎಲೆ, ಮತ್ತೆ ಊಟಿಯವರ ಮನೆಯಲ್ಲೇ ತಯಾರಾಗುವ ಚಾಕೊಲೇಟು. ಕಷಾಯಕ್ಕೆ ಎಂಟು ಹತ್ತು ಬಲಿತ ಎಲೆಗಳನ್ನು ಲೋಟದಲ್ಲಿ ಹಾಕಿ, ಕುದಿ ಬಂದ ನೀರು ಸುರಿದು, ತಟ್ಟೆ ಮುಚ್ಚಿ ಐದು ನಿಮಿಷ ಬಿಡಿ. ಮುಚ್ಚುವುದು ಮುಖ್ಯ. ತೆರೆದಿಟ್ಟು ಕುದಿಸಿದರೆ ಮನೆಯೆಲ್ಲ ಘಮಘಮಿಸುತ್ತದೆ, ಲೋಟದಲ್ಲಿ ಏನೂ ಉಳಿಯುವುದಿಲ್ಲ. ಊಟಿಯಲ್ಲಿ ನೀರು 92-93 ಡಿಗ್ರಿಗೇ ಕುದಿಯುತ್ತದೆ. ಬೇಳೆ ಬೇಯಿಸುವವರಿಗೆ ಅದು ಕಿರಿಕಿರಿ, ಈ ಕಷಾಯಕ್ಕೆ ಅದರಿಂದ ನಷ್ಟವೇನಿಲ್ಲ. ಒಣಗಿಸುವುದಾದರೆ ಹೂ ಬರುವ ಮುಂಚೆ, ಇಬ್ಬನಿ ಆರಿದ ಮೇಲೆ ಕೊಯ್ದು ನೆರಳಿನಲ್ಲಿ ಹರವಿ. ಮುಂಗಾರಿನಲ್ಲಿ ನೆರಳಿಗೆ ಹಾಕಿದರೆ ಬೂಷ್ಟು ಹಿಡಿಯುತ್ತದೆ, ಆಗ ಕೊಯ್ಯದಿರುವುದೇ ಒಳ್ಳೆಯದು.

ಮೆಂಥಾಲ್ ಹರಳಿನಿಂದ ಒಂದು ಸೊಗಸಾದ ಪ್ರಯೋಗ ಮಾಡಬಹುದು. ಗ್ರಂಧಿಗೆ ಅಂಗಡಿಯಿಂದ ಮೆಂಥಾಲ್, ಕರ್ಪೂರ, ಓಮದ ಸತ್ವ ಮೂರನ್ನೂ ತಲಾ ಒಂದು ಚಿಟಿಕೆ ತನ್ನಿ. ಮೂರೂ ಗಟ್ಟಿ ಹರಳು. ಮೆಂಥಾಲ್ ಕರಗಲು 42 ಡಿಗ್ರಿ, ಓಮದ ಸತ್ವಕ್ಕೆ 50ರ ಹತ್ತಿರ, ಕರ್ಪೂರಕ್ಕೆ 175 ಬೇಕು. ಒಂದು ಸಣ್ಣ ಸೀಸೆಯಲ್ಲಿ ಮೂರನ್ನೂ ಸೇರಿಸಿ ಮುಚ್ಚಿ ಅಲುಗಾಡಿಸಿದರೆ ಬೆಂಕಿಯಿಲ್ಲದೆ ನೀರಾಗುತ್ತವೆ. ಒಂದರ ಅಣುಗಳು ಇನ್ನೊಂದರ ಹರಳುಕಟ್ಟನ್ನು ಕೆಡಿಸುವುದರಿಂದ ಮಿಶ್ರಣದ ಕರಗುಬಿಂದು ಕೋಣೆಯ ಉಷ್ಣತೆಗಿಂತ ಕೆಳಗಿಳಿಯುತ್ತದೆ. ಅಜ್ಜ ಅಜ್ಜಿಯರ ಕಾಲದ ಅಮೃತಧಾರೆಯ ಸೀಸೆಯಲ್ಲಿದ್ದದ್ದು ಇದೇ. ಇದನ್ನು ನೋಡಿ ಸಂತೋಷಪಡಿ, ಕುಡಿಯಬೇಡಿ. ಕರ್ಪೂರ ಮಕ್ಕಳ ಹೊಟ್ಟೆಗೆ ಹೋದರೆ ವಿಷ.

ಹೊಟ್ಟೆಯ ಮಾತಿಗೆ ಆಧಾರವಿದೆ. ಮೆಂಥಾಲ್ ಕರುಳಿನ ನಯಸ್ನಾಯುಗಳಿಗೆ ಕ್ಯಾಲ್ಸಿಯಂ ನುಗ್ಗುವುದನ್ನು ತಡೆದು ಸೆಳೆತ ಸಡಿಲಿಸುತ್ತದೆ. ಕರುಳಿನಲ್ಲಷ್ಟೇ ಕರಗುವ ಹೊದಿಕೆಯ ಪೆಪ್ಪರ್‌ಮಿಂಟ್ ಎಣ್ಣೆ ಗುಳಿಗೆಗಳನ್ನು 'ಕಿರಿಕಿರಿ ಕರುಳು' ತೊಂದರೆಗೆ ವೈದ್ಯರು ಸೂಚಿಸುವುದುಂಟು. ಅದೇ ಸಡಿಲಿಕೆ ಅನ್ನನಾಳದ ಕೆಳಗಿನ ಬಿಗಿಗೂ ತಗಲುವುದರಿಂದ ಎದೆಯುರಿ ಇರುವವರಿಗೆ ಪೆಪ್ಪರ್‌ಮಿಂಟ್ ಉರಿ ಹೆಚ್ಚಿಸಬಹುದು. ಹಸುಗೂಸುಗಳ, ಎರಡು ವರ್ಷದೊಳಗಿನ ಮಕ್ಕಳ ಮೂಗಿಗೆ, ಎದೆಗೆ ಮೆಂಥಾಲ್ ಹಚ್ಚಲೇಬಾರದು. ಉಸಿರು ಹಠಾತ್ತನೆ ಕಟ್ಟುವ ಅಪಾಯವಿದೆ. ಎಲೆಯ ಕಷಾಯ ಬೇರೆ, ಬಾಟಲಿಯ ಎಣ್ಣೆ ಬೇರೆ ಎಂಬುದನ್ನು ಯಾವಾಗಲೂ ನೆನಪಿಡಿ.

ಊಟಿಯಲ್ಲಿ ಬಾಟಲಿ ಎಣ್ಣೆಯ ಅಂಗಡಿಗಳಿಗೆ ಕೊರತೆಯಿಲ್ಲ. ನೀಲಗಿರಿ ಎಣ್ಣೆಗೆ ಸ್ಥಳೀಯ ಹಿನ್ನೆಲೆ ಇದೆ: 1843ರಿಂದ ಇಲ್ಲಿ ಬೇರೂರಿದ ಆಸ್ಟ್ರೇಲಿಯಾದ ಮರಗಳ ಉದುರೆಲೆಯನ್ನು ಹಂಡೆಯಲ್ಲಿ ತುಂಬಿ ಭಟ್ಟಿ ಇಳಿಸುವ ಸಣ್ಣ ಒಲೆಗಳು ಬೆಟ್ಟದ ಬದಿಯಲ್ಲಿ ಹೊಗೆಯಾಡುತ್ತಿದ್ದವು, ಕೆಲವು ಈಗಲೂ ಇವೆ. ಅದನ್ನು ನೋಡಿ ಪೆಪ್ಪರ್‌ಮಿಂಟನ್ನೂ ಹಾಗೇ ಇಳಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಇಳಿಸಬಹುದು, ಗಿಟ್ಟುವುದಿಲ್ಲ. ಹಸಿ ಸೊಪ್ಪಿನ ತೂಕದಲ್ಲಿ ಎಣ್ಣೆ ಶೇಕಡ ಅರ್ಧದ ಒಳಗೇ. ಒಂದು ಚದರ ಮೀಟರ್ ಮಡಿಯಲ್ಲಿ ವರ್ಷಕ್ಕೆ ಎರಡು ಕೆಜಿ ಸೊಪ್ಪು ಬಂದರೆ ಕೈಗೆ ಸಿಗುವುದು ಹತ್ತು ಮಿಲಿ ಲೀಟರಿಗಿಂತ ಕಡಿಮೆ.

ನಮ್ಮ ದೇಶದ ಮೆಂಥಾಲ್ ಬರುವುದು ಬೇರೆಯೇ ಗಿಡದಿಂದ, ಬೇರೆಯೇ ನೆಲದಿಂದ. ಉತ್ತರ ಪ್ರದೇಶದ ಬಾರಾಬಂಕಿ, ರಾಮ್‌ಪುರ, ಸಂಭಲ್ ಕಡೆಯ ರೈತರು ಆಲೂಗಡ್ಡೆ, ಗೋಧಿಯ ನಂತರ ಬೇಸಿಗೆಯಲ್ಲಿ 'ಮೆಂಥಾ ಅರ್ವೆನ್ಸಿಸ್' ಬೆಳೆಯುತ್ತಾರೆ. 1950ರ ದಶಕದಲ್ಲಿ ಜಪಾನಿನಿಂದ ಬಂದ ಈ ಪುದೀನದ ಎಣ್ಣೆಯಲ್ಲಿ ಮೆಂಥಾಲ್ ನೂರಕ್ಕೆ 70-80 ಪಾಲು. ಪೆಪ್ಪರ್‌ಮಿಂಟಿನಲ್ಲಿ ಅದರ ಅರ್ಧದಷ್ಟು. ಲಕ್ನೋದ ಸೀಮ್ಯಾಪ್ ಸಂಸ್ಥೆ 'ಕೋಸಿ'ಯಂಥ ತಳಿಗಳನ್ನು ಕೊಟ್ಟ ಮೇಲೆ ಜಗತ್ತಿನ ನೈಸರ್ಗಿಕ ಮೆಂಥಾಲ್‌ನ ಬಹುಪಾಲು ಈ ಹೊಲಗಳಿಂದಲೇ ಹೋಗುತ್ತಿದೆ. ತಲೆನೋವಿನ ಮುಲಾಮಿನಲ್ಲಿ, ಪಾನ್‌ನಲ್ಲಿ, ಗುಳಿಗೆಯಲ್ಲಿ ಇರುವುದು ಅದು, ಇಲ್ಲವೇ ಕಾರ್ಖಾನೆಯ ಸಂಶ್ಲೇಷಿತ ಮೆಂಥಾಲ್. ಊಟಿಯ ಇಳಿಜಾರಿನ ಬೆಲೆಬಾಳುವ ನೆಲದಲ್ಲಿ ಅದರೊಡನೆ ಸ್ಪರ್ಧಿಸುವುದು ಬುದ್ಧಿವಂತಿಕೆಯಲ್ಲ. ತಂಪು ರಾತ್ರಿಯ ಲಾಭವನ್ನು ಎಲೆಯಾಗಿ ಪಡೆಯಿರಿ, ಎಣ್ಣೆಯಾಗಿ ಅಲ್ಲ.

ಮಸಿನಗುಡಿ, ಬೊಕ್ಕಾಪುರದ ಕಡೆಯವರು ಕೇಳುವ ಪ್ರಶ್ನೆ ಇನ್ನೊಂದು: ಆನೆ ಇದನ್ನು ತಿನ್ನುತ್ತದೆಯೇ? ನೇಪಾಳದ ಬರ್ದಿಯಾ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ಭತ್ತ, ಮೆಕ್ಕೆಜೋಳ ಕಳೆದುಕೊಂಡು ಬೇಸತ್ತ ರೈತರು ಮೆಂಥಾ, ಕ್ಯಾಮೊಮೈಲ್ ಬೆಳೆಯತೊಡಗಿದ್ದಾರೆ. ಆನೆಗೆ ಈ ಎಲೆಗಳಲ್ಲಿ ರುಚಿಯಿಲ್ಲ. ಹಾಗೆಂದು ನಾಲ್ಕು ಕುಂಡ ಇಟ್ಟರೆ ಹಿತ್ತಲಿನ ಹಲಸಿನ ಮರಕ್ಕೆ ಬರುವ ಆನೆ ಹಿಂದಿರುಗುವುದಿಲ್ಲ. ತಿನ್ನದ ಬೆಳೆಗೂ ಓಡಿಸುವ ಬೇಲಿಗೂ ವ್ಯತ್ಯಾಸವಿದೆ.

ಕೊನೆಗೆ ಒಂದು ಕೋರಿಕೆ. ಹೊರಗಿನಿಂದ ಬಂದ ಗಿಡಗಳಿಂದ ನೀಲಗಿರಿ ಪಟ್ಟ ಪಾಡು ಸಾಕಷ್ಟಿದೆ. ಮೇಲಿನ ಹುಲ್ಲುಗಾವಲನ್ನು ವ್ಯಾಟಲ್, ಸ್ಕಾಚ್ ಬ್ರೂಮ್, ಗೋರ್ಸ್ ನುಂಗಿವೆ. ಕೆಳಗೆ ಮುದುಮಲೆ, ಮಸಿನಗುಡಿಯ ಕಾಡಿನಡಿ ಲಂಟಾನ ತುಂಬಿದೆ. ಆಕ್ರಮಣಕಾರಿ ಸಸ್ಯಗಳ ಬಗ್ಗೆ ತಮಿಳುನಾಡು ಸರ್ಕಾರ 2022ರಲ್ಲಿ ಒಂದು ನೀತಿಯನ್ನೇ ಹೊರಡಿಸಬೇಕಾಯಿತು. ಪೆಪ್ಪರ್‌ಮಿಂಟ್ ಬೀಜ ಉದುರಿಸುವುದಿಲ್ಲ ನಿಜ. ಆದರೆ ಅದರ ಒಂದು ಗಿಣ್ಣು ಒದ್ದೆ ನೆಲಕ್ಕೆ ಬಿದ್ದರೆ ಸಾಕು, ಬೇರೂರುತ್ತದೆ. ಅಮೆರಿಕ, ಆಸ್ಟ್ರೇಲಿಯಾಗಳ ತೊರೆಯಂಚಿನಲ್ಲಿ ಅದು ಹೀಗೆಯೇ ಕಾಡುಬಿದ್ದಿದೆ. ಅದರ ಒಂದು ಕಡೆಯ ಹಿರಿಯ ನೀರುಪುದೀನ ಎಂಬುದನ್ನು ಮರೆಯಬಾರದು. ಶೋಲಾ ಕಾಡಿನ ತೊರೆಗಳಿಗೆ ಇನ್ನೊಂದು ಅತಿಥಿ ಬೇಡ. ಗಿಡವನ್ನು ಕುಂಡದಲ್ಲೇ ಬೆಳೆಸಿ. ವರ್ಷಕ್ಕೊಮ್ಮೆ ಕುಂಡ ಬರಿದು ಮಾಡಿದಾಗ ಉಳಿಯುವ ಹಬ್ಬುಕಾಂಡಗಳನ್ನು ಚರಂಡಿಗೋ ಹಳ್ಳಕ್ಕೋ ಎಸೆಯದೆ, ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ ಒಲೆಗೆ ಹಾಕಿ.